ಎರವಲು ಕೊಡುವ ಚಾಕು

ಗುಮಾಸ್ತರ ಮನೆಯ ಚಾಕು ಎರವಲು ಹೋಗಿ ಮೂರು ತಿಂಗಳ ಮೇಲೆ ವಾಪಸು ಬಂತು. ಹೋಗುವಾಗ ಚಾಕುವಾಗಿತ್ತು, ಬರುವಾಗ ಅಲಗು ಹಲ್ಲುಹಲ್ಲಾಗಿ ಗರಗಸವಾಗಿತ್ತು. ಆ ನಾಲ್ಕು ಮಹಡಿಯ ಕಟ್ಟಡದ ರೀತಿಯೇ ಹಾಗೆ. ಒಂದು ಮನೆಯಿಂದ ಹೊರಟ ಸುತ್ತಿಗೆ ಎಲ್ಲರ ಮನೆಯ ಯೋಗಕ್ಷೇಮ ವಿಚಾರಿಸಿಕೊಂಡೇ ಮರಳಬೇಕು. ಕೊಡುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಹಾಗೆಂದವರಿಗೆ ಬೇಕಾದಾಗ ಏಣಿ ಸಿಗುತ್ತಿರಲಿಲ್ಲ.

ಆದ್ದರಿಂದ ಗುಮಾಸ್ತರು ಒಂದು ಉಪಾಯ ಹೂಡಿದರು. ಎರವಲು ಕೊಡುವುದಕ್ಕೆಂದೇ ಒಂದು ಚಾಕು! ಭಾನುವಾರ ಬೆಳಿಗ್ಗೆ ಪೇಟೆಗೆ ಹೋಗಿ, ಗಡಿಯಾರದ ಕಂಬದ ಬುಡದಲ್ಲಿ ಕೆಂಪು ಕೊಡೆ ಬಿಚ್ಚಿ ಚಾಕುಗಳ ಗುಡ್ಡೆ ಹಾಕಿಕೊಂಡು ಕೂರುವವನ ಹತ್ತಿರ, ಎರಡು ಲೋಟ ಕಾಫಿಯ ದುಡ್ಡಿಗೆ ಒಂದನ್ನು ಕೊಂಡು ತಂದರು.

ಹೆಂಡತಿ ಅದನ್ನು ನೋಡಿ ನಿಟ್ಟುಸಿರು ಬಿಟ್ಟಳು.

"ಮತ್ತೆ ಅಗ್ಗದ್ದಾ? ಹೋದ್ಸಲ ನೀವು ತಂದ ಕೊಡೆ ಮೊದಲನೇ ಗಾಳಿಗೇ ಹಾರ್ಕೊಂಡು ಹೋಯ್ತು. ನೀವು ತಂದ ಗಡಿಯಾರ ಭಾನುವಾರ ಮಧ್ಯಾಹ್ನಕ್ಕೇ ಸೋಮವಾರ ತೋರಿಸುತ್ತೆ. ಇನ್ನು ನಿಮ್ಮ ಮೂಗಿನ ಮೇಲಿರೋ ಕನ್ನಡಕ..."

ಕನ್ನಡಕದ ಮಾತು ಬಂದಾಗ ಗುಮಾಸ್ತರು ಅದನ್ನು ಮೆಲ್ಲಗೆ ಮೇಲಕ್ಕೇರಿಸಿಕೊಂಡರು. ಅದರ ಒಂದು ಕಾಲಿಗೆ ದಾರ ಸುತ್ತಿತ್ತು. ಎಡಗಾಜಿನಲ್ಲಿ ಲೋಕ ಹತ್ತಿರ ಕಾಣುತ್ತಿತ್ತು, ಬಲಗಾಜಿನಲ್ಲಿ ದೂರ.

"ಕೇಳಿ," ಎಂದಳು ಹೆಂಡತಿ, ಬಾಗಿಲ ಹಿಂದಿನ ಕೈಚೀಲ ತೋರಿಸಿ. "ಈ ಚಾಕೂನೂ ಕೈಕೊಟ್ರೆ, ಇನ್ಮೇಲೆ ಆ ಚೀಲ ನಂದು. ನೀವು ಉಪ್ಪಿನ ಪೊಟ್ಟಣಾನೂ ತರೋ ಹಾಗಿಲ್ಲ."

ಗುಮಾಸ್ತರು ಚೀಲದ ಕಡೆ ತಿರುಗಿ ನೋಡಿದರು. ವಾರವಿಡೀ ನೀರಿನ ಕಚೇರಿಯಲ್ಲಿ ಕಡತಗಳ ಧೂಳು ಕುಡಿಯುವ ಆ ಮನುಷ್ಯನಿಗೆ ಇದ್ದದ್ದೇ ಒಂದು ಸುಖ. ಭಾನುವಾರ ಆ ಚೀಲ ಹಿಡಿದು ಪೇಟೆ ಸುತ್ತುವುದು, ಚೌಕಾಸಿ ಮಾಡುವುದು, ಗೆದ್ದೆ ಎಂದುಕೊಂಡು ಮನೆಗೆ ಬರುವುದು.

"ಅಗ್ಗ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ ಕಣೇ. ನೋಡಿಲ್ಲಿ," ಎಂದು ಅವರು ಕಪಾಟಿನಿಂದ ಮಖಮಲ್ಲಿನ ಪೆಟ್ಟಿಗೆಯೊಂದನ್ನು ಇಳಿಸಿದರು. ಅದರಲ್ಲಿದ್ದದ್ದು ಹೋದ ವರ್ಷ ಹೆಂಡತಿಯ ಅಣ್ಣ ಕಾಣಿಕೆ ಕೊಟ್ಟ ಚಾಕು. ಹಡಗಿನಲ್ಲಿ ಬಂದದ್ದು, ಭಾರೀ ಬೆಲೆಯದು ಎಂದು ಅವನೇ ಹೇಳಿದ್ದ. ಆ ಭಯಕ್ಕೇ ಇದುವರೆಗೆ ಅದರಲ್ಲಿ ಯಾರೂ ಒಂದು ಸೌತೆಕಾಯಿಯನ್ನೂ ಹೆಚ್ಚಿರಲಿಲ್ಲ. ಗುಮಾಸ್ತರು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಎರಡಕ್ಕೂ ಕಪ್ಪು ಹಿಡಿ, ಹಿಡಿಗೆ ಮೂರು ಹಿತ್ತಾಳೆ ಮೊಳೆ.

"ಒಂದೇ ತಾಯಿ ಮಕ್ಕಳ ಹಾಗಿಲ್ವಾ?"

"ಎತ್ತಿಡ್ರೀ ಅದನ್ನ! ಸಾಯಂಕಾಲ ಅಣ್ಣ ಬರ್ತಾನೆ. ಅವನ ಮುಂದೆ ಅದರಲ್ಲೇ ಹಣ್ಣು ಹೆಚ್ಚಬೇಕು."

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು. "ಗುಮಾಸ್ತರೇ, ಒಂದು ಚಾಕು ಇದ್ರೆ..." ಗುಮಾಸ್ತರು ಒಂದನ್ನು ಗಡಿಬಿಡಿಯಲ್ಲಿ ಪೆಟ್ಟಿಗೆಗೆ ತುರುಕಿ, ಇನ್ನೊಂದನ್ನು ನಗುನಗುತ್ತಾ ಮೇಷ್ಟ್ರ ಕೈಗಿತ್ತರು. ಹೀಗೆ ಮನಸಾರೆ ಎರವಲು ಕೊಟ್ಟದ್ದು ಅವರ ಜೀವಮಾನದಲ್ಲೇ ಮೊದಲು.

ಮಧ್ಯಾಹ್ನವಾದರೂ ಚಾಕು ಬರಲಿಲ್ಲ. "ಬದುಕಿದೆಯೋ ಸತ್ತಿದೆಯೋ ನೋಡ್ಕೊಂಡು ಬನ್ನಿ," ಎಂದಳು ಹೆಂಡತಿ. ಗುಮಾಸ್ತರು ಅಳುಕುತ್ತಲೇ ಕೆಳಗಿಳಿದರು.

ಮೇಷ್ಟ್ರು ಬಾಗಿಲಲ್ಲೇ ಅವರ ಎರಡೂ ಕೈ ಹಿಡಿದುಕೊಂಡರು. ಒಳಗೆ ಮೇಜಿನ ಮೇಲೆ ದೊಡ್ಡದೊಂದು ಕುಂಬಳಕಾಯಿ ಎರಡು ಹೋಳಾಗಿ ಮಲಗಿತ್ತು. ಹೋಳಿನ ಮೈ ಕನ್ನಡಿಯಂತೆ ನುಣುಪಾಗಿತ್ತು, ನಡುವೆ ಸಿಕ್ಕಿದ ಬೀಜವೊಂದು ಸರಿಯಾಗಿ ಎರಡು ಪಾಲಾಗಿತ್ತು.

"ಮೂವತ್ತು ವರ್ಷ ರೇಖಾಗಣಿತ ಹೇಳಿಕೊಟ್ಟೆ," ಎಂದರು ಮೇಷ್ಟ್ರು, ಹೋಳಿನ ಮೈ ಸವರುತ್ತ. "ಇಷ್ಟು ಸರಿಯಾದ ಅರ್ಧ ನಾನು ಕಪ್ಪುಹಲಗೆ ಮೇಲೂ ಕಂಡಿರಲಿಲ್ಲ. ಎಷ್ಟು ಕೊಟ್ರಿ ಇದಕ್ಕೆ?"

"ಎರಡು ಲೋಟ ಕಾಫಿ ದುಡ್ಡು."

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು. "ನನಗೆರಡು ತಂದುಕೊಡಿ. ಈಗ ಅದು ಮೇಲಿನ ಟೈಲರಮ್ಮನ ಹತ್ರ ಹೋಯ್ತು."

ಟೈಲರಮ್ಮನ ಮನೆಯಲ್ಲಿ ಹೊಲಿಗೆಯಂತ್ರ ನಿಂತಿತ್ತು, ಟೈಲರಮ್ಮನೂ ನಿಂತಿದ್ದಳು. ದಪ್ಪ ಜೀನ್ಸ್ ಬಟ್ಟೆಯನ್ನು ಹದಿನಾರು ಮಡಿಕೆ ಮಾಡಿ ಚಾಕು ಎಳೆದಿದ್ದಳಂತೆ. ಅಂಚಿನಲ್ಲಿ ಒಂದು ನೂಲೂ ಎದ್ದಿರಲಿಲ್ಲ.

"ನಾನು ಒತ್ತಲೇ ಇಲ್ಲ ಗುಮಾಸ್ತರೇ. ಸುಮ್ಮನೆ ಇಟ್ಟೆ, ಅದೇ ಹೋಯ್ತು. ನನ್ನ ಕತ್ತರಿಗಳನ್ನೆಲ್ಲ ನೋಡಿದ್ರೆ ಈಗ ನಾಚಿಕೆ ಆಗ್ತಿದೆ." ಅವಳಿಗೆ ಮೂರು ಬೇಕಾಗಿದ್ದವು. ಚಾಕು ಮಾತ್ರ ಮೂರನೇ ಮಹಡಿಯ ನರ್ಸಮ್ಮನ ಮನೆಗೆ ಹೋಗಿತ್ತು.

ನರ್ಸಮ್ಮ ವೃತ್ತಪತ್ರಿಕೆಯ ಮೇಲೆ ಹಾಸಿದ್ದ ಟೊಮೇಟೊ ಬಿಲ್ಲೆಯೊಂದನ್ನು ತೋರಿಸಿದಳು. ಬಿಲ್ಲೆಯೊಳಗಿಂದ ಅಕ್ಷರಗಳು ಕೆಂಪಗೆ, ಸ್ಪಷ್ಟವಾಗಿ ಕಾಣುತ್ತಿದ್ದವು. ಗುಮಾಸ್ತರು ಬಗ್ಗಿ ಅರ್ಧ ಸುದ್ದಿ ಓದಿಯೇಬಿಟ್ಟರು. ಆ ಕನ್ನಡಕದಲ್ಲಿ ಅವರಿಗೆ ಪತ್ರಿಕೆಯನ್ನು ಬರಿದೇ ಓದಲೂ ಇಷ್ಟು ಚೆನ್ನಾಗಿ ಆಗಿರಲಿಲ್ಲ. ಅವರು ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಗೆ ಹಿಡಿದರು. ಬಿಸಿಲು ಅದರೊಳಗಿಂದ ಹಾದು ಅವರ ಅಂಗೈ ಮೇಲೆ ಕೆಂಪಾಗಿ ಬಿತ್ತು. ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು. ಇಪ್ಪತ್ತು ವರ್ಷ ಹಾರಿಹೋದ ಕೊಡೆಗಳು, ಸುಳ್ಳು ಹೇಳಿದ ಗಡಿಯಾರಗಳು, ಎಲ್ಲವೂ ಈ ಒಂದು ಚಾಕು ಸಿಗಲೆಂದೇ ಆದವೇನೋ ಎನ್ನಿಸಿತು.

"ನಮ್ಮ ಆಪರೇಷನ್ ಥಿಯೇಟರಲ್ಲೂ ಇಂಥದ್ದಿಲ್ಲ," ಎಂದು ಕೊನೆಗೆ ಪಿಸುಗುಟ್ಟಿದಳು ನರ್ಸಮ್ಮ. "ನನಗೆರಡು."

ಚಾಕು ಸಿಕ್ಕಿದ್ದು ತಾರಸಿಯ ಮೇಲೆ, ಕಟ್ಟಡದ ಮಾಲೀಕನ ಕೈಯಲ್ಲಿ. ಆತ ಹಳೆಯ ರಬ್ಬರ್ ಪೈಪನ್ನು ಬಳೆಬಳೆಯಾಗಿ ಕತ್ತರಿಸುತ್ತ ಕೂತಿದ್ದ. ಬಳೆಗಳು ಯಾವ ಕೆಲಸಕ್ಕೂ ಬೇಕಾಗಿರಲಿಲ್ಲ. ಕತ್ತರಿಸುವ ಸುಖಕ್ಕೆ ಕತ್ತರಿಸುತ್ತಿದ್ದ, ಅಷ್ಟೆ. ಬಾಡಿಗೆ ಒಂದು ದಿನ ತಡವಾದರೆ ಬಾಗಿಲು ಬಡಿಯುವ ಆ ಮನುಷ್ಯ ಎದ್ದು ನಿಂತು ಚಾಕುವನ್ನು ಎರಡೂ ಕೈಯಲ್ಲಿ ಒಪ್ಪಿಸಿ, "ನಾಲ್ಕು, ಸಾರ್," ಎಂದ. ಗುಮಾಸ್ತರನ್ನು ಅವನು ಸಾರ್ ಎಂದದ್ದು ಅಂದೇ ಮೊದಲು.

ಒಟ್ಟು ಹನ್ನೊಂದು ಚಾಕು. ಗುಮಾಸ್ತರು ನೆಲದಿಂದ ಒಂದು ಗೇಣು ಮೇಲೆಯೇ ನಡೆದು ಮನೆಗೆ ಬಂದರು. ಕತೆಯನ್ನೆಲ್ಲ ಕೇಳಿ, ಗರಗಸವಾದ ಹಳೆಯ ಚಾಕುವಿಗೆ ಮಣಿಯದ ಒಣ ಬ್ರೆಡ್ಡನ್ನು ಸ್ವತಃ ಕತ್ತರಿಸಿ ನೋಡಿ, ಹೆಂಡತಿ ಚಾಕುವನ್ನು ಸೆರಗಿನಿಂದ ಒರೆಸಿಟ್ಟಳು. ಆಮೇಲೆ ಕೈಚೀಲವನ್ನು ಗೌರವದಿಂದ ಕೊಡವಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು.

"ನಿಮ್ಮನ್ನ ಸುಮ್ಮಸುಮ್ಮನೆ ಅಂದ್ಬಿಟ್ಟೆ ಕಣ್ರೀ."

ಸಂಜೆ ಭಾವ ಬಂದ, ಕಂಕುಳಲ್ಲಿ ಒಂದು ಕಲ್ಲಂಗಡಿ ಹಣ್ಣು. ಚಾಕುವಿನ ದರ್ಶನಕ್ಕೆಂದು ಮೇಷ್ಟ್ರು, ಟೈಲರಮ್ಮ, ನರ್ಸಮ್ಮ, ಮಾಲೀಕ ಎಲ್ಲರೂ ಬಂದು ಸೇರಿದರು. ಹೆಂಡತಿ ಮಾತ್ರ ಅಣ್ಣನ ಮರ್ಯಾದೆಗೆ ಕುಂದು ಬರಬಾರದೆಂದು ಮಖಮಲ್ಲಿನ ಪೆಟ್ಟಿಗೆಯನ್ನೇ ತಂದಳು.

"ಮೊದಲು ನಮ್ಮಣ್ಣನ ಚಾಕು. ಎರಡು ಕಾಫಿ ದುಡ್ಡಿಂದೇ ಅಷ್ಟು ಕೆಲಸ ಮಾಡಿದ್ರೆ, ಇದು ಇನ್ನೆಷ್ಟು ಮಾಡಬೇಡ!"

ಎಲ್ಲರೂ ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಅವಳು ಹಣ್ಣಿನ ಮೇಲೆ ಚಾಕು ಇಟ್ಟು ಒತ್ತಿದಳು. ಸಿಪ್ಪೆಯ ಮೇಲೆ ಒಂದು ಗೀರೂ ಬೀಳಲಿಲ್ಲ. ಇನ್ನಷ್ಟು ಒತ್ತಿದಳು. ಅಲಗು ಬಾಳೆಲೆಯಂತೆ ಬಾಗಿತು, ಹಿಡಿ ಟಕ್ಕೆಂದು ಕಳಚಿ ಮೇಷ್ಟ್ರ ಮಡಿಲಿಗೆ ಹಾರಿತು.

ಗುಮಾಸ್ತರಿಗೆ ಬೆಳಗಿನ ಕರೆಗಂಟೆ ನೆನಪಾಯಿತು. ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಅದಲುಬದಲಾಗಿತ್ತು! ಅವರು ತಂದದ್ದು ಈ ತಗಡು. ಇಡೀ ಕಟ್ಟಡ ಕೈಮುಗಿದದ್ದು ಭಾವನ ಭಾರೀ ಬೆಲೆಯ ಚಾಕುವಿಗೆ. ಹನ್ನೊಂದು ಜನ್ಮ ಎತ್ತಿದರೂ ಅಂಥವು ಹನ್ನೊಂದು ತರಲಾಗದು. ಅವರ ಕಣ್ಣು ಬಾಗಿಲ ಹಿಂದಿನ ಚೀಲದ ಮೇಲೆ ನೆಟ್ಟಿತು. ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದರು.

ಆದರೆ ಭಾವನೇ ಮೊದಲು ಬಾಯಿ ಬಿಟ್ಟ. ಅವನ ಮುಖ ಬಿಳಿಚಿಹೋಗಿತ್ತು.

"ತಂಗೀ, ಬೈಬೇಡಮ್ಮ. ಹಡಗೂ ಇಲ್ಲ, ಏನೂ ಇಲ್ಲ. ಆ ಗಡಿಯಾರದ ಕಂಬದ ಹತ್ರ ಕೆಂಪು ಕೊಡೆಯೋನ ಗುಡ್ಡೆಯಿಂದ ಆರಿಸ್ಕೊಂಡು ಬಂದಿದ್ದು. ಚಾಕುಗಿಂತ ಪೆಟ್ಟಿಗೇಗೇ ಜಾಸ್ತಿ ಆಯ್ತು. ಹೀಗೆ ಮಾನ ಕಳೆಯುತ್ತೆ ಅಂತ ಗೊತ್ತಿರಲಿಲ್ಲ."

"ಅಂದ್ರೆ ಅದೂ ಅದೇ ಗುಡ್ಡೇದು!" ಗುಮಾಸ್ತರು ಕುರ್ಚಿಯಿಂದ ಹಾರಿದರು. "ಕೇಳಿದ್ಯೇನೇ? ಭಾವ ಕೊಟ್ಟಿದ್ದನ್ನೇ ನಾನು ಬೆಳಿಗ್ಗೆ ಮೇಷ್ಟ್ರಿಗೆ ಕೊಟ್ಟುಬಿಟ್ಟಿದ್ದೆ. ಕುಂಬಳಕಾಯಿ ಸೀಳಿದ್ದೂ ಅಗ್ಗದ್ದೇ! ನಾನು ಹೇಳಿರಲಿಲ್ವಾ, ಒಂದೇ ತಾಯಿ ಮಕ್ಕಳು ಅಂತ?"

ಗೆದ್ದ ಸಂಭ್ರಮದಲ್ಲಿ ಅವರು ಸುತ್ತ ನೋಡಿದರು. ಯಾರೂ ನಗುತ್ತಿರಲಿಲ್ಲ. ಮೇಷ್ಟ್ರು ಮಡಿಲಿನ ಹಿಡಿಯನ್ನು ಎತ್ತಿ ಮೇಜಿನ ಮೇಲಿಟ್ಟರು.

"ಹಾಗಾದ್ರೆ ಗುಮಾಸ್ತರೇ, ನಮಗೆ ತಂದುಕೊಡೋ ಹನ್ನೊಂದು ಯಾವುದರ ಥರ ಇರುತ್ವೆ? ಅದರ ಥರಾನೋ, ಇದರ ಥರಾನೋ?"

ಹೆಂಡತಿ ಎದ್ದಳು. ಒಳ್ಳೆಯ ಚಾಕುವನ್ನು ತೆಗೆದು ಕಲ್ಲಂಗಡಿಯ ಮೇಲಿಟ್ಟಳು, ಹಣ್ಣು ಸದ್ದಿಲ್ಲದೆ ಎರಡಾಯಿತು. ಒಂದು ಹೋಳನ್ನು ಗಂಡನ ಕೈಗೂ ಇನ್ನೊಂದನ್ನು ಅಣ್ಣನ ಕೈಗೂ ಕೊಟ್ಟಳು. ಚೀಲವನ್ನು ಗಂಡನ ಹೆಗಲಿಗೆ ತಾನೇ ಏರಿಸಿದಳು.

"ಹೋಗಿ. ಒಂದೊಂದನ್ನೂ ಇದರ ಮೇಲೆ ಪರೀಕ್ಷೆ ಮಾಡಿ ತನ್ನಿ. ಹನ್ನೊಂದರಲ್ಲಿ ಒಂದು ಬಾಗಿದ್ರೂ ಚೀಲ ನಂದು."

ದೀಪ ಹತ್ತುವ ಹೊತ್ತಿಗೆ ಗಡಿಯಾರದ ಕಂಬದ ಕೆಳಗೆ ಇಬ್ಬರು ದೊಡ್ಡ ಮನುಷ್ಯರು ಅರ್ಧರ್ಧ ಕಲ್ಲಂಗಡಿ ಅಪ್ಪಿಕೊಂಡು ನಿಂತಿದ್ದರು. ಎದುರಿಗೆ ಮಂಡಿಯೆತ್ತರದ ಗುಡ್ಡೆ. ನೂರಾರು ಕಪ್ಪು ಹಿಡಿ, ಪ್ರತಿಯೊಂದಕ್ಕೂ ಮೂರು ಹಿತ್ತಾಳೆ ಮೊಳೆ. ಇವುಗಳಲ್ಲಿ ಎಲ್ಲೋ ಕೆಲವು ಬಿಸಿಲನ್ನೇ ತೆಳ್ಳಗೆ ಹೆಚ್ಚಬಲ್ಲವು ಎಂದು ನೆನೆದು ಗುಮಾಸ್ತರಿಗೆ ಮತ್ತೊಮ್ಮೆ ಮೈ ಜುಮ್ಮೆಂದಿತು. ಅವರು ಬಗ್ಗಿ, ಗುಟ್ಟು ಕೇಳುವವರಂತೆ ಕೇಳಿದರು.

"ಇದರಲ್ಲಿ ಒಳ್ಳೇವು ಯಾವುವಪ್ಪ?"

ಕೆಂಪು ಕೊಡೆಯವನು ಅವರನ್ನೂ ಕಲ್ಲಂಗಡಿಯನ್ನೂ ಒಮ್ಮೆ ನೋಡಿದ.

"ಅದು ಗೊತ್ತಿದ್ರೆ ಅವನ್ನ ಎರಡು ಕಾಫಿ ದುಡ್ಡಿಗೆ ಯಾಕೆ ಮಾರ್ತಿದ್ದೆ ಸಾರ್?"