ಯಾವಾಗ ಬಿಟ್ರಿ?

ಪೇಪರಿನವರು ಕೆಲವರಿಗೆ ಗಂಟು ಬಿದ್ದರೆ ಬಿಡೋದೇ ಇಲ್ಲ. ನನ್ನ ಫೋಟೋ ಪೇಪರಿನಲ್ಲಿ ಬಂದಾಗಲೆಲ್ಲ ಕುಡುಕ ಅಂತಲೇ ಬಂದಿದೆ. ದೇವರಾಣೆ, ನಾನು ಕುಡಿದೋನಲ್ಲ. ಕೆಮ್ಮಿನ ಔಷಧಿ ಕುಡಿಯೋಕೂ ಮುಖ ಸಿಂಡರಿಸೋ ಪೈಕಿ ನಾನು. ಆದರೆ ಎಪ್ಪತ್ತರ ದಶಕದಲ್ಲಿ ಕೆಂಗೇರಿ ಹತ್ತಿರ, ಮೈಸೂರು ರಸ್ತೆ ಪಕ್ಕದಲ್ಲಿದ್ದ ಕುಡಿತ ಬಿಡಿಸೋ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಅಂಥ ಆಸ್ಪತ್ರೆ ಆಗ ಹೊಸದು. ನೋಡೋಕೆ ಪೇಪರಿನವರು, ರೇಡಿಯೋದವರು ಬರ್ತಾನೇ ಇದ್ರು.

ನನಗೆ ಆಗ ಮೂವತ್ತೈದು ದಾಟಿತ್ತು. ಅಪ್ಪ ಅಮ್ಮ ಇಲ್ಲ, ರಾಜಾಜಿನಗರದ ವಠಾರದಲ್ಲಿ ಒಂದು ರೂಮು. ಯಾರಾದ್ರೂ ಒಬ್ಬಳು ಒಪ್ಪಿ, ಮದುವೆ ಆಗಿ, ಮನೆಗೆ ಹೋದಾಗ ‘ಊಟ ಆಯ್ತಾ’ ಅಂತ ಕೇಳಿದ್ರೆ ಸಾಕು ಅನ್ನೋದು ನನಗಿದ್ದ ಒಂದೇ ಆಸೆ.

ಮದ್ರಾಸ್ ಕಣ್ಣು

ಮೊದಲ ಸಲ ಪೇಪರಿನವರು ಬಂದಾಗ ನಮ್ಮ ದೊಡ್ಡ ಡಾಕ್ಟರು ತಲೆ ಬಾಚ್ಕೊಂಡು, ಟೈ ಕಟ್ಕೊಂಡು ಕೂತರು. ಫೋಟೋಗ್ರಾಫರ್ ಅಂದ, “ಪಕ್ಕದಲ್ಲಿ ಒಬ್ಬ ಪೇಷೆಂಟ್ ಇರ್ಲಿ ಸಾರ್, ಕುಡಿತ ಬಿಟ್ಟೋನು.”

ಅಷ್ಟೇ, ವಾರ್ಡಿಗೆ ವಾರ್ಡೇ ಖಾಲಿ! ಒಬ್ಬ ಮಂಚದ ಕೆಳಗೆ, ಇಬ್ಬರು ಕಕ್ಕಸಿನಲ್ಲಿ, ಉಳಿದವರೆಲ್ಲ ಹಿತ್ತಲಿನ ಸೀಬೆ ಮರದ ಹಿಂದೆ. ಪಾಪ, ಎಲ್ಲರಿಗೂ ಮಾವನ ಮನೆ ಇತ್ತು, ಮಾವನ ಮನೇಲಿ ಪೇಪರ್ ತರಿಸ್ತಿದ್ರು.

ಡಾಕ್ಟರು ನನ್ನ ಕಡೆ ತಿರುಗಿದರು. ಆ ವಾರ ನನಗೆ ಮದ್ರಾಸ್ ಕಣ್ಣು ಬಂದು ಎರಡೂ ಕಣ್ಣು ಕೆಂಪಗೆ ಊದ್ಕೊಂಡಿತ್ತು.

“ನೀನೇ ನಿಂತ್ಕೊಳ್ಳಯ್ಯಾ. ನಿನಗೇನು, ಹೆಂಡತಿಯೇ ಮಕ್ಕಳೇ? ಫೋಟೋ ನೋಡಿ ಬೇಜಾರು ಮಾಡ್ಕೊಳ್ಳೋರು ಯಾರಿದಾರೆ ನಿನಗೆ?”

ಮಾತೇನೋ ನಿಜ. ನಿಜವಾಗಿದ್ದಕ್ಕೇ ಸಂಕಟ ಆಯ್ತು. ಹೋಗಿ ನಿಂತ್ಕೊಂಡೆ.

ಮಾರನೇ ದಿನ ವಠಾರದ ನಲ್ಲಿ ಹತ್ತಿರ ಓನರಮ್ಮ ಹಿಡಿದು ನಿಲ್ಲಿಸಿದರು. “ಪೇಪರ್ ನೋಡ್ದೆ ಕಣಪ್ಪಾ, ಒಳ್ಳೇ ಕೆಲಸ. ಯಾವಾಗ ಬಿಟ್ರಿ?”

“ಹಿಡಿದೇ ಇಲ್ಲ ಅಮ್ಮಾ, ಬಿಡೋದು ಎಲ್ಲಿಂದ ಬಂತು?”

“ಹೋಗ್ಲಿ ಬಿಡಿ, ನಾಚ್ಕೋಬೇಡಿ,” ಅಂತ ಕೊಡ ಎತ್ಕೊಂಡು ಹೋದರು.

ಪಕ್ಕದ ರೂಮಿನ ಟೈಪಿಸ್ಟ್‌ಗೆ ಮಾತ್ರ ಸಿಕ್ಕಾಪಟ್ಟೆ ಕೋಪ. ಅವನೂ ನನ್ನ ಹಾಗೇ ಒಂಟಿ, ಸಂಜೆಯಾದರೆ ಗೋಡೆ ಹಿಡ್ಕೊಂಡು ಬರೋನು. “ಏನ್ ಗುರು ನೀನು! ಪಕ್ಕದಲ್ಲೇ ಇದ್ದು ಒಂದು ಮಾತು ಹೇಳಲಿಲ್ವಲ್ಲೋ! ಇಷ್ಟು ವರ್ಷ ನಾನು ಒಬ್ಬನೇ ಕುಡ್ಕೊಂಡು ಕೂತಿದ್ದೆ!”

ತಜ್ಞರ ಮಾತು

ಆಮೇಲೆ ರೇಡಿಯೋದವರು ಬಂದರು. ಪೇಷೆಂಟ್‌ಗಳು ಮತ್ತೆ ಸೀಬೆ ಮರದ ಹಿಂದೆ, ನಾನು ಮತ್ತೆ ಮೈಕಿನ ಮುಂದೆ. “ಹೇಳಿ, ಯಾವಾಗ ಬಿಟ್ರಿ?” ಅಂದರು.

ಈ ಸಲ ಬಿಡಬಾರದು ಅಂತ ಗಟ್ಟಿಯಾಗಿ ಹೇಳೇಬಿಟ್ಟೆ, “ಸ್ವಾಮಿ, ನಾನು ಹಿಡಿದೇ ಇಲ್ಲ!”

ಕಾರ್ಯಕ್ರಮ ಕೆಡುತ್ತೆ ಅಂತ ಡಾಕ್ಟರಿಗೆ ಗಾಬರಿ. ಮೈಕು ಎಳ್ಕೊಂಡರು. “ಕೇಳುಗರು ಗಮನಿಸಬೇಕು. ವ್ಯಸನಿಗಳೆಲ್ಲ ಶುರುವಿನಲ್ಲಿ ಹೇಳೋದು ಇದನ್ನೇ. ಮೊದಲ ವಾರ ಕಷ್ಟ, ಆಮೇಲೆ ಅಭ್ಯಾಸ ಆಗುತ್ತೆ.” ಕೊನೇ ಮಾತು ಅವರ ಮಂತ್ರ. ಪೇಷೆಂಟ್‌ಗೂ ಅದೇ, ಪೇಷೆಂಟ್ ಹೆಂಡತಿಗೂ ಅದೇ, ಅಡುಗೆಯವನು ಸಾರಿಗೆ ಉಪ್ಪು ಜಾಸ್ತಿ ಹಾಕಿದರೂ ಅದೇ.

ಅದು ಪ್ರಸಾರ ಆದಾಗ ನಾನು ಕ್ಷೌರದ ಅಂಗಡಿಯಲ್ಲಿ, ಮುಖದ ತುಂಬ ಸೋಪಿನ ನೊರೆ. ಅಂಗಡಿಯವನು ಕತ್ತಿ ನಿಲ್ಲಿಸಿ ರೇಡಿಯೋ ನೋಡಿದ, ನನ್ನ ನೋಡಿದ.

“ನಿಮ್ಮ ದನಿ ಅಲ್ವಾ ಸಾರ್? ಈಗ ಗೊತ್ತಾಯ್ತು ಬಿಡಿ, ನೀವು ಮನೇಲಿ ಯಾಕೆ ಶೇವ್ ಮಾಡ್ಕೊಳ್ಳಲ್ಲ ಅಂತ. ಕೈ ನಡುಗುತ್ತೆ, ಪಾಪ!”

ಕಾಫಿ ಆಗುತ್ತಾ?

ವಿಜಯನಗರದಲ್ಲಿ ಒಂದು ಹೆಣ್ಣು ಇದೆ ಅಂತ ಬ್ರೋಕರ್ ಹೇಳಿದ. ಜೊತೆಗೆ ಬರೋಕೆ ಹಿರಿಯರು ಯಾರೂ ಇಲ್ಲ, ಹೂವು ಹಣ್ಣು ನಾನೇ ಹಿಡ್ಕೊಂಡು ಹೋದೆ. ಹುಡುಗಿಯ ಅಪ್ಪ ನನ್ನ ಮುಖವನ್ನೇ ನೋಡಿ ಒಳಗೆ ಹೋದರು. ಒಳಗೆ ಗುಸುಗುಸು ಶುರುವಾಯ್ತು. ಆಮೇಲೆ ಕಾಫಿ ಲೋಟ ತಂದು ಮೆಲ್ಲಗೆ ಕೇಳಿದರು.

“ಕಾಫಿ... ಆಗುತ್ತಾ ನಿಮಗೆ?”

ಹುಡುಗಿ ಹೊರಗೆ ಬರಲೇ ಇಲ್ಲ. ಹೊರಡೋವಾಗ ಅವಳ ತಾಯಿ ಒಂದು ಪೊಟ್ಟಣ ಕೊಟ್ಟರು. ಎಲೆ ಅಡಿಕೆ ಇರಬೇಕು ಅಂತ ಆಸೆಯಿಂದ ಬಿಚ್ಚಿದೆ. ವಿಭೂತಿ. “ದಿಂಬಿನ ಕೆಳಗೆ ಇಟ್ಕೊಳ್ಳಿ, ಮತ್ತೆ ಆ ಕಡೆ ಮನಸ್ಸು ಹೋಗಲ್ಲ.”

ಭಾನುವಾರದ ಬುತ್ತಿ

ಭಾನುವಾರ ನನಗೆ ರಜ. ಆದರೆ ರೂಮಿನಲ್ಲಿ ಕೂತು ಮಾಡೋದೇನು? ಬಸ್ ಹತ್ತಿ ಆಸ್ಪತ್ರೆಗೇ ಹೋಗ್ತಿದ್ದೆ. ಅವತ್ತು ಪೇಷೆಂಟ್‌ಗಳನ್ನ ನೋಡೋಕೆ ಮನೆಯವರು ಬುತ್ತಿ ಕಟ್ಕೊಂಡು ಬರೋರು. ಹೆಂಡತಿಯರು ಬೈಯೋರು, ಅಳೋರು, ಬೈತಾ ಬೈತಾನೇ ಬಡಿಸೋರು. ನಾನು ದೂರದ ಬೆಂಚಿನಲ್ಲಿ ಕೂತು ನೋಡ್ತಿದ್ದೆ. ಅವರನ್ನ ಕಂಡು ಹೊಟ್ಟೆಕಿಚ್ಚು ಆಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ.

ಒಂದು ಭಾನುವಾರ ಒಬ್ಬ ಅಜ್ಜಿ ಹತ್ತಿರ ಬಂದರು. “ನಿನ್ನ ನೋಡೋಕೆ ಯಾರೂ ಬರ್ಲಿಲ್ವೇನಪ್ಪಾ?”

“ಇಲ್ಲ ಅಜ್ಜಿ.”

ಅಜ್ಜಿ ಮೊಸರನ್ನ ಕಲಸಿ ಕೈತುತ್ತು ಹಾಕಿದರು. “ಬೇಗ ಬಿಟ್ಟುಬಿಡು ಮಗಾ.”

“ಆಯ್ತು ಅಜ್ಜಿ, ಬಿಡ್ತೀನಿ,” ಅಂದೆ. ಹಿಡಿದಿಲ್ಲ ಅಂದಿದ್ರೆ ಮುಂದಿನ ತುತ್ತು ಬರ್ತಿತ್ತೇ?

ಒಪ್ಪಿದ ಹೆಣ್ಣು

ಕೊನೆಗೆ ಒಂದು ದಿನ ಬಸವೇಶ್ವರನಗರದ ಮೇಷ್ಟ್ರೊಬ್ಬರು ನನ್ನ ಫೋಟೋ ಇದ್ದ ಪೇಪರ್ ಹಿಡ್ಕೊಂಡು ಆಸ್ಪತ್ರೆಗೇ ಬಂದರು. “ನನ್ನ ಮಗಳು ನಿಮ್ಮ ಫೋಟೋ ನೋಡಿ ಒಪ್ಪಿದಾಳೆ. ಮನೆಗೆ ಬನ್ನಿ,” ಅಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹೋದೆ. ಹುಡುಗಿ ಹೊಲಿಗೆ ಹೇಳಿಕೊಡೋಳು, ಧೈರ್ಯಸ್ಥೆ. ಎದುರಿಗೇ ಕೂತು ನಗ್ತಾ ಕೇಳಿದಳು, “ಯಾವಾಗ ಬಿಟ್ರಿ?”

ಯುಗಾದಿಗೆ ಬಿಟ್ಟೆ ಅಂದಿದ್ರೆ ಮುಗೀತಿತ್ತು. ಆದರೆ ಆ ನಗು ನೋಡಿ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. “ಹಿಡಿದೇ ಇಲ್ಲ ಕಣ್ರೀ,” ಅಂದೆ.

ನಗು ನಿಂತುಹೋಯ್ತು. “ನಮ್ಮ ಭಾವಂದಿರು ಇಬ್ಬರೂ ಹೆಣ್ಣು ನೋಡೋಕೆ ಬಂದಾಗ ಇದನ್ನೇ ಹೇಳಿದ್ದು. ಮದುವೆ ಆದಮೇಲೆ ಇಬ್ಬರೂ ಹಿಡಿದರು. ಬೇಜಾರು ಮಾಡ್ಕೋಬೇಡಿ, ನನಗೆ ಹಿಡಿದು ಬಿಟ್ಟೋರೇ ಬೇಕು.”

ಸಂಜೆ ಟೈಪಿಸ್ಟ್ ಹತ್ತಿರ ಹೇಳ್ಕೊಂಡು ಅತ್ತೆ. ನಗ್ತಾನೆ ಅಂದ್ಕೊಂಡಿದ್ದೆ, ನಗಲಿಲ್ಲ. “ಆಯಮ್ಮನಿಗೆ ನಿಜವಾಗ್ಲೂ ಬಿಟ್ಟೋನೇ ಬೇಕಂತಾ?” ಅಂತ ಮತ್ತೆ ಮತ್ತೆ ಕೇಳಿದ. ಬೆಳಿಗ್ಗೆ ನೋಡಿದರೆ ಟ್ರಂಕ್ ಹಿಡ್ಕೊಂಡು ನನ್ನ ಜೊತೆ ಕೆಂಗೇರಿ ಬಸ್ ಹತ್ತಿದ. ಆಸ್ಪತ್ರೆ ಸೇರಿದ, ನಿಜವಾಗ್ಲೂ ಬಿಟ್ಟ. ಅವನ ಔಷಧಿ ನಾನೇ ಕಲಸಿದ್ದು. ಮುಂದಿನ ಸಲ ಪೇಪರಿನವರು ಬಂದಾಗ ಆಸ್ಪತ್ರೆ ಇತಿಹಾಸದಲ್ಲೇ ಮೊದಲ ಬಾರಿಗೆ ಒಬ್ಬ ಪೇಷೆಂಟ್ ತಾನಾಗಿ ಓಡಿಬಂದು ಕ್ಯಾಮರಾ ಮುಂದೆ ನಿಂತ.

ಶ್ರಾವಣದಲ್ಲಿ ಮೇಷ್ಟ್ರ ಮಗಳಿಗೂ ಅವನಿಗೂ ಮದುವೆ. ಅವನಿಗೆ ಪೇಟ ಕಟ್ಟಿದ್ದೂ ನಾನೇ. ಪಕ್ಕದ ರೂಮಿನ ಸಾಮಾನು ಹಿಂದಿನ ದಿನವೇ ಖಾಲಿಯಾಗಿತ್ತು. ಇನ್ನು ಗೋಡೆಯಾಚೆ ಅವನ ಕೆಮ್ಮೂ ಕೇಳೋದಿಲ್ಲ ಅಂತ ತಾಳಿ ಕಟ್ಟೋ ಹೊತ್ತಿಗೆ ಹೊಳೆದು, ಶಲ್ಯದ ತುದಿಯಲ್ಲಿ ಕಣ್ಣು ಉಜ್ಕೊಂಡೆ.

ಛತ್ರದಲ್ಲಿ ಫೋಟೋ ತೆಗೆಯೋಕೆ ಬಂದಿದ್ದವನು ಅದೇ ಪೇಪರಿನ ಫೋಟೋಗ್ರಾಫರ್. “ಸ್ವಲ್ಪ ಪಕ್ಕಕ್ಕೆ ಸರೀರಿ ಸಾರ್, ಇದು ಫ್ಯಾಮಿಲಿ ಫೋಟೋ,” ಅಂದ. ಸರಿದೆ. ಆಮೇಲೆ ಗುರುತು ಹಿಡಿದು ಓಡಿಬಂದು ನನ್ನ ಕೈ ಹಿಡ್ಕೊಂಡ.

“ಅಯ್ಯೋ, ನೀವಾ ಸಾರ್! ಕಣ್ಣು ಇನ್ನೂ ಕೆಂಪಗಿದೆಯಲ್ಲ! ನಿಜ ಹೇಳಿ, ಯಾವಾಗ ಬಿಟ್ರಿ?”

ಮಂಟಪದ ಕಡೆ ನೋಡಿದೆ. ಅವಳು ಅವತ್ತು ನಕ್ಕ ಹಾಗೇ ನಗ್ತಾ ಇದ್ದಳು.

“ಇವತ್ತೇ ಬಿಟ್ಟೆ ಕಣಪ್ಪಾ,” ಅಂದೆ. “ಮುಹೂರ್ತದ ಹೊತ್ತಿಗೆ.”

ಅವನು ನಮ್ಮ ಡಾಕ್ಟರ ಥರಾನೇ ಬೆನ್ನು ತಟ್ಟಿದ. “ಮೊದಲ ವಾರ ಕಷ್ಟ ಸಾರ್. ಆಮೇಲೆ ಅಭ್ಯಾಸ ಆಗುತ್ತೆ.”