ಮರಳಿನ ಮಗು

ಗೊಂಬೆಯೊಳಗೆ ತುಂಬಿದ್ದು ಮರಳು. ತೂಕ ಆಗತಾನೇ ಹುಟ್ಟಿದ ಮಗುವಿನಷ್ಟು. ಬೆಳಿಗ್ಗೆ ಅದನ್ನು ಅವನ ಕೈಗಿಡುವಾಗ ಹೆರಿಗೆ ವಾರ್ಡಿನ ಹಿರಿಯ ನರ್ಸು ಹೇಳಿದ್ದು ಇಷ್ಟೇ:

"ಸಂಜೆ ಮುಟ್ಟಿ ನೋಡ್ತೀನಿ. ಬೆಚ್ಚಗಿರಬೇಕು. ತಣ್ಣಗಿದ್ರೆ ಹೆರಿಗೆ ಕೋಣೆಯೊಳಗೆ ನಿಮ್ಮನ್ನ ಬಿಡಲ್ಲ."

ಅಪ್ಪನಾಗಲಿರುವ ಗಂಡಸರಿಗೆ ಅವಳು ನಡೆಸುತ್ತಿದ್ದ ತರಗತಿಯ ಕೊನೆಯ ಪರೀಕ್ಷೆ ಅದು. ಉಳಿದವರು ಗೊಂಬೆಯನ್ನು ಮನೆಗೆ ಒಯ್ದರು. ಅವನಿಗೆ ರಜೆ ಸಿಕ್ಕಿರಲಿಲ್ಲ, ಕೆಲಸಕ್ಕೆ ಒಯ್ದ. ಕೆಲಸ ಅದೇ ಆಸ್ಪತ್ರೆಯ ನೆಲಮಾಳಿಗೆಯ ಶವಾಗಾರದಲ್ಲಿ.

ಹೆಂಡತಿ ಹಿಂದಿನ ದಿನವೇ ವಾರ್ಡು ಸೇರಿದ್ದಳು. ಮೊದಲನೆಯ ಮಗು ಉಸಿರಿಲ್ಲದೆ ಹುಟ್ಟಿದಾಗ ಅವಳು ಮೇಲೆ ಒಬ್ಬಳೇ ಇದ್ದಳು. ಅವನು ಕೆಳಗೆ ಡ್ಯೂಟಿಯಲ್ಲಿದ್ದ. ವಿಷಯ ಅವನಿಗೆ ಗೊತ್ತಾದದ್ದು ಮಗು ಕೆಳಗಿಳಿದು ಬಂದ ಮೇಲೆ. ಈ ಸಲ ಅವಳು ಕೇಳಿಕೊಂಡದ್ದು ಒಂದೇ. "ರೀ, ಏನೇ ಆಗಲಿ, ಪಕ್ಕದಲ್ಲಿರಿ. ನಾನು ಮೇಲೆ, ನೀವು ಕೆಳಗೆ ಅಂತ ಆಗೋದು ಬೇಡ."

ತರಗತಿಯಲ್ಲಿ ಕಲಿಸಿದ ಹಾಗೆ ಗೊಂಬೆಗೆ ಬಿಳಿ ಬಟ್ಟೆ ಸುತ್ತಿ, ಎದೆಗವಚಿಕೊಂಡು ಅವನು ಲಿಫ್ಟು ಹತ್ತಿದ. ಲಿಫ್ಟಿನವನು ಮೆಲ್ಲಗೆ ಟೋಪಿ ತೆಗೆದ.

"ಈ ಸಲಾನೂನಾ ಅಣ್ಣ?"

"ಅಯ್ಯೋ, ಇದು ಗೊಂಬೆ ಕಣಪ್ಪ!"

"ಹೌದಣ್ಣ, ಗೊಂಬೆ ಥರಾನೇ ಇದೆ," ಎಂದು ಲಿಫ್ಟಿನವನು ಕಣ್ಣೊರೆಸಿಕೊಂಡ. "ಧೈರ್ಯ ತಂದ್ಕೋ."

ಲಿಫ್ಟಿನವನಿಗೆ ಗೊತ್ತಾದ ಸುದ್ದಿ ಲಿಫ್ಟಿಗಿಂತ ಬೇಗ ಮಹಡಿ ಹತ್ತುತ್ತಿತ್ತು. ಚಹಾದ ಹೊತ್ತಿಗೆ ಬಟ್ಟೆ ಒಗೆಯುವ ಅಜ್ಜಿ ಅಳುತ್ತಲೇ ಇಳಿದು ಬಂದಳು. "ಬಿಟ್ಬಿಡು ಮಗಾ, ಎಷ್ಟೊತ್ತು ಅಂತ ಎತ್ಕೊಂಡಿರ್ತೀಯ?" ಅವನು ಬಟ್ಟೆ ಸರಿಸಿ ಪ್ಲಾಸ್ಟಿಕ್ ಮುಖ ತೋರಿಸಲು ಹೋದ. ಅಜ್ಜಿ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಳು. "ಬೇಡಪ್ಪಾ, ನನ್ನಿಂದ ನೋಡೋಕಾಗಲ್ಲ!"

ಮಧ್ಯಾಹ್ನ ನಾಲ್ಕನೇ ಮಹಡಿಯಿಂದ ಕರೆ ಬಂತು. ಸ್ಟ್ರೆಚರ್ ತಳ್ಳಲು ಎರಡು ಕೈ ಬೇಕು. ಐದು ನಿಮಿಷದ ಕೆಲಸ ಎಂದುಕೊಂಡು ಗೊಂಬೆಯನ್ನು ಉಕ್ಕಿನ ಮೇಜಿನ ಮೇಲೆ ಮಲಗಿಸಿ ಹೋದ. ಆದರೆ ಲಿಫ್ಟಿನವನು ಲಿಫ್ಟು ನಿಲ್ಲಿಸಿ ಸುದ್ದಿ ಹಂಚಲು ಹೋಗಿದ್ದ. ಶವದ ಪಕ್ಕ ಅವನು ಕಾದ, ಕಾದ, ಶವಕ್ಕೇ ಬೇಸರ ಬರುವಷ್ಟು ಕಾದ. ಮರಳಿ ಬಂದಾಗ ಮೇಜು ಖಾಲಿ.

ಅಲ್ಲಿ ದಾರದಣ್ಣ ಕೂತಿದ್ದ. ಶವಗಳ ಹೆಬ್ಬೆರಳಿಗೆ ಚೀಟಿ ಕಟ್ಟುತ್ತಾ ತಲೆ ನರೆತವನು. ಬಿಳಿ ಬಟ್ಟೆಯಡಿ ಏನಾದರೂ ಅಲುಗಾಡದೆ ಮಲಗಿದ್ದರೆ, ಬಾಯಿಂದ ಪ್ರಶ್ನೆ ಹೊರಡುವ ಮೊದಲೇ ಅವನ ಜೇಬಿನಿಂದ ದಾರ ಹೊರಡುತ್ತಿತ್ತು.

"ದಾರದಣ್ಣಾ, ಇಲ್ಲಿದ್ದದ್ದು ಎಲ್ಲಿ?"

ದಾರದಣ್ಣ ಗದ್ದದಿಂದ ಶೈತ್ಯಪೆಟ್ಟಿಗೆಯತ್ತ ತೋರಿಸಿದ. "ನೀನು ನಿನ್ನ ಕೈಯಾರೆ ಇಡೋ ಹಾಗಾಗಬಾರದು ಅಂತ ನಾನೇ ಇಟ್ಟೆ ತಮ್ಮಾ. ಕಣ್ಣು ಮುಚ್ಕೊಂಡೇ ಚೀಟೀನೂ ಕಟ್ಟಿದೀನಿ."

ಹೊರತೆಗೆದಾಗ ಗೊಂಬೆ ಮಂಜುಗಡ್ಡೆ. ಮರಳು ಬೇಗ ಬೆಚ್ಚಗಾಗುವ ಜಾತಿಯಲ್ಲ. ನೆಲಮಾಳಿಗೆಯಲ್ಲಿ ಬಿಸಿಲು ಬೀಳುವುದಿಲ್ಲ. ಅಲ್ಲಿನ ಯಂತ್ರಗಳಿಗೆ ತಂಪು ಮಾಡುವುದೊಂದೇ ಗೊತ್ತು. ಸುತ್ತ ನೋಡಿದರೆ ಬಿಸಿಯಾಗಿದ್ದದ್ದು ಅವನ ಮೈ ಮಾತ್ರ. ಅಂಗಿ ಬಿಚ್ಚಿ, ಗೊಂಬೆಯನ್ನು ಬರಿಯ ಹೊಟ್ಟೆಗೆ ಒತ್ತಿಕೊಂಡು, ಮೇಲೆ ಅಂಗಿಯ ಗುಂಡಿ ಹಾಕಿದ. ಶಾಖ ಎಲ್ಲಿಂದಾದರೂ ಬರಬೇಕಲ್ಲ, ಅವನಿಂದಲೇ ಹೋಯಿತು. ಊಟ ಸೇರಲಿಲ್ಲ, ಹಲ್ಲು ಕಟಕಟ ಅಂದವು, ತುಟಿ ನೀಲಿಗಟ್ಟಿತು. ದಾರದಣ್ಣ ದೂರದಿಂದ ನೋಡಿ ನಿಟ್ಟುಸಿರುಬಿಟ್ಟ.

ಸಂಜೆ ನೋವು ಶುರುವಾಯಿತೆಂದು ಹೇಳಿಕಳಿಸಿದರು. ಅವನು ಮೆಟ್ಟಿಲು ಹತ್ತಿ ಓಡಿದ. ಬಾಗಿಲಲ್ಲೇ ನರ್ಸು ಗೊಂಬೆಯನ್ನು ಮುಟ್ಟಿ ನೋಡಿದಳು.

"ಬೆಚ್ಚಗಿದೆ. ಕಾಲಿಗೇನಿದು ಚೀಟಿ?"

"ಎಲ್ಲೂ ಅದಲುಬದಲಾಗಬಾರದು ಅಂತ, ಸಿಸ್ಟರ್."

"ಭಲೇ! ಇಷ್ಟು ಜಾಗ್ರತೆ ಯಾರೂ ಮಾಡಿರಲಿಲ್ಲ." ಅವನ ಕೈ ತಾಗಿ ಅವಳು ಬೆಚ್ಚಿದಳು. "ನೀವೇ ಸತ್ತವರ ಹಾಗೆ ತಣ್ಣಗಿದ್ದೀರಲ್ಲ! ಹೋಗಿ, ಹೋಗಿ ಒಳಗೆ."

"ಬಂದ್ರಾ?" ಎಂದಳು ಹೆಂಡತಿ. ಅವನ ಕೈ ಹಿಡಿದವಳು ಬಿಡಲಿಲ್ಲ.

ಮಗು ಬಂತು. ಸದ್ದು ಬರಲಿಲ್ಲ.

ನರ್ಸು ಮಗುವಿನ ಬೆನ್ನುಜ್ಜಿದಳು. ಸದ್ದಿಲ್ಲ. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು, ಉತ್ತರ ಅಲ್ಲಿ ಬರೆದಿದೆಯೋ ಎಂಬಂತೆ. ಆ ಮೌನವನ್ನು ಆ ಕೋಣೆಯಲ್ಲಿ ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಅವನ ಸಂಬಳವೇ ಆ ಮೌನದ್ದು. ನರ್ಸು ಮತ್ತೊಮ್ಮೆ ಉಜ್ಜಿದಳು.

ಮಗು ಕಿಟಾರನೆ ಕಿರುಚಿತು.

ಇಷ್ಟು ವರ್ಷ ಅವನೆದುರು ಮೇಜಿನ ಮೇಲೆ ಮಲಗಿದವರಲ್ಲಿ ಒಬ್ಬರೂ ಬಾಯಿ ತೆರೆದಿರಲಿಲ್ಲ. ಹಸಿದ, ಹೆಪ್ಪುಗಟ್ಟಿದ ಆ ಮೈಗೆ ಅಷ್ಟು ಸಂತೋಷ ತಡೆಯಲಾಗಲಿಲ್ಲ. ಮರಳಿನ ಮೂಟೆಯ ಹಾಗೆ ಕುಸಿದ.

"ಮೂರ್ಛೆ, ಅಷ್ಟೇ. ಗಂಡಸರದ್ದು ಇದ್ದದ್ದೇ," ಎಂದಳು ನರ್ಸು. ಅವನನ್ನು ಸ್ಟ್ರೆಚರಿನ ಮೇಲೆ ಹಾಕಿ, ಚಳಿಯಾಗದಿರಲೆಂದು ಬಿಳಿ ಬಟ್ಟೆ ಹೊದಿಸಿ, ಮೊಗಸಾಲೆಯ ಫ್ಯಾನಿನಡಿ ನಿಲ್ಲಿಸಿ, ಎಲ್ಲರೂ ಮಗುವಿನತ್ತ ಓಡಿದರು. ಫ್ಯಾನಿನ ಗಾಳಿಗೆ ಬಟ್ಟೆ ಹಾರಿ ಮುಖ ಮುಚ್ಚಿತು.

ದುಃಖದಲ್ಲಿರುವ ಗೆಳೆಯನ ಜೊತೆ ಒಂದಿಷ್ಟು ಹೊತ್ತು ಕೂತಿರೋಣವೆಂದು ದಾರದಣ್ಣ ಆಗಷ್ಟೇ ಮೇಲೆ ಬಂದಿದ್ದ. ಸ್ಟ್ರೆಚರ್ ಕಂಡಿತು. ಬಟ್ಟೆ ಎತ್ತಿದ. ಹಣೆ ಮುಟ್ಟಿದ. ತಣ್ಣಗಿತ್ತು. ಜೇಬಿಗೆ ಕೈ ಹೋಯಿತು.

"ಯಾರಣ್ಣ?" ಎಂದ ಲಿಫ್ಟಿನವನು, ಬಾಗಿಲು ತೆರೆಯುತ್ತ.

"ಇವನೇ ಕಣೋ," ಎಂದ ದಾರದಣ್ಣ ಗದ್ಗದಿತನಾಗಿ. "ಎದೆ ಒಡೆದು ಹೋಯ್ತು."

ಅವನು ಕಣ್ಣು ಬಿಟ್ಟಾಗ ತಲೆಯ ಮೇಲೆ ಚೆನ್ನಾಗಿ ಪರಿಚಯವಿದ್ದ ಛಾವಣಿ. ಬೆನ್ನಿಗೆ ಉಕ್ಕಿನ ಮೇಜು, ಹೆಬ್ಬೆರಳಿಗೆ ಬಿಗಿಯಾದ ದಾರ. ದಡಕ್ಕನೆ ಎದ್ದು ಕೂತ. ಅದನ್ನು ಕಂಡ ದಾರದಣ್ಣ ಚೀಟಿಯ ಕಟ್ಟಿನ ಸಮೇತ ನೆಲಕ್ಕುರುಳಿದ.

ಅದೇ ಹೊತ್ತಿಗೆ ಮೇಲೆ, ಮಗುವನ್ನು ಎದೆಗೊತ್ತಿಕೊಂಡ ಹೆಂಡತಿ ಬಾಗಿಲತ್ತ ನೋಡಿದಳು. ಅಲ್ಲಿ ಲಿಫ್ಟಿನವನು ಟೋಪಿ ತೆಗೆದು ನಿಂತಿದ್ದ.

"ನಮ್ಮೆಜಮಾನ್ರು ಎಲ್ಲಪ್ಪಾ?"

ಲಿಫ್ಟಿನವನು ತಲೆ ತಗ್ಗಿಸಿದ.

"ಕೆಳಗಿಳಿಸಿದ್ವಿ, ಅಕ್ಕ."