ಮಂಡಿಗೆ ಹೋದ ಬಟಾಣಿ

“ಅಮ್ಮಾ, ಅಜ್ಜಿ ದಿನಾ ಬಟಾಣಿನ ಮಂಡಿಗೆ ಯಾಕೆ ಹಾಕ್ತಾರೆ?”

ಪುಟ್ಟಿ ಹೀಗೆ ಕೇಳಿದಾಗ ಅವಳಮ್ಮನ ಕೈಯಲ್ಲಿದ್ದ ಸೌಟು ಕೈಯಲ್ಲೇ ನಿಂತಿತು.

ಗಂಡ ತರಕಾರಿ ಮಂಡಿಯಲ್ಲಿ ಗುಮಾಸ್ತ. ಬಟಾಣಿಯ ಧಾರಣೆ ಬಿದ್ದ ದಿನ ಒಂದಿಡೀ ಮೂಟೆ ಹೊತ್ತು ತಂದಿದ್ದ. (ಬೇರೆ ಯಾರಾದರೂ ಆಗಿದ್ದರೆ ಮೂಟೆಯ ಜೊತೆ ಗಂಡನನ್ನೂ ಹೊರಗೆ ಹಾಕುತ್ತಿದ್ದರು.) ಇವಳು ಸೆರಗು ಸಿಕ್ಕಿಸಿ ನಿಂತಳು. ಸುಲಿದಳು, ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ತಣ್ಣೀರಿಗೆ ಸುರಿದಳು, ಬಟ್ಟೆಯ ಮೇಲೆ ಹರವಿ ಒರೆಸಿದಳು. ಆಮೇಲೆ ಕಾಳಿಗೆ ಕಾಳು ಅಂಟದಂತೆ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಟ್ಟು, ಕಲ್ಲಾದ ಮೇಲೆ ಚೀಲಗಳಿಗೆ ತುಂಬಿದಳು. ಚೀಲ ಅಲ್ಲಾಡಿಸಿದರೆ ಗಿಲಕಿಯ ಸದ್ದು! ಅದನ್ನು ಕೇಳಲೆಂದೇ ಆಗಾಗ ಫ್ರೀಜರ್ ತೆಗೆಯುತ್ತಿದ್ದಳು.

ಅತ್ತೆ ಮಾತ್ರ ಮೂಗು ಮುರಿದಿದ್ದರು.

“ತರಕಾರಿಗೂ ಶವಾಗಾರ ಕಟ್ಟಿದೆಯಲ್ಲೇ ಮಾರಾಯ್ತಿ! ಒಂದೇ ಒಂದು ಚೀಲ ಕೆಡಲಿ, ಆ ಗೂಡು ಖಾಲಿ ಮಾಡಿಸ್ತೀನಿ.”

“ಆಗ್ಲಿ ಅತ್ತೆ. ಕೆಡದಿದ್ರೆ ನೀವು ಬಾಯ್ತುಂಬ ಹೊಗಳಬೇಕು.”

ಆದರೆ ನಿನ್ನೆ ನೋಡಿದರೆ ಒಂದು ಚೀಲದ ಗಿಲಕಿ ಮೂಕವಾಗಿತ್ತು. ಒಳಗಿನ ಕಾಳೆಲ್ಲ ಕರಗಿ, ಮತ್ತೆ ಹೆಪ್ಪುಗಟ್ಟಿ, ಅವಿಭಕ್ತ ಕುಟುಂಬವಾಗಿತ್ತು. ಅತ್ತೆಯ ಕಣ್ಣಿಗೆ ಬಿದ್ದರೆ ಗೂಡು ಹೋದ ಹಾಗೆಯೇ! ಅರ್ಧವನ್ನು ಒಡೆದು ಅನ್ನಕ್ಕೆ ಹಾಕಿ ಎಲ್ಲರಿಗೂ ಬಡಿಸಿ ಸಾಕ್ಷ್ಯನಾಶ ಮಾಡಿದ್ದಳು. ಈಗ ಮಗಳ ಮಾತಿನಿಂದ ಗುಟ್ಟು ತಿಳಿಯಿತು. ಅತ್ತೆ ಚೀಲವನ್ನು ಮಂಡಿಗೆ ಸಾಗಿಸಿ, ಗಿರಾಕಿ ಸಿಗದೆ ವಾಪಸು ತರುತ್ತಿದ್ದಾರೆ!

ಗಂಡನಿಗೆ ಫೋನು ಹೋಯಿತು. “ರೀ, ನಿಮ್ಮಮ್ಮ ಮಂಡಿಗೆ ಮಾಲು ಹಾಕ್ತಿದಾರೆ!”

“ತಲೆ ಕೆಟ್ಟಿದ್ಯಾ? ಅಮ್ಮನಿಗೆ ಮೆಟ್ಟಿಲು ಇಳಿಯೋಕೇ ಆಗಲ್ಲ.”

“ಹಾಗಾದ್ರೆ ಮಗು ಸುಳ್ಳು ಹೇಳುತ್ತಾ?”

“ಸರಿ, ಎಷ್ಟಕ್ಕೆ ಹೋಯ್ತು ಅಂತ ಕೇಳಿಡು.” (ಗುಮಾಸ್ತನ ಬುದ್ಧಿ ಎಲ್ಲಿಗೆ ಹೋಗುತ್ತೆ!)

ಮಧ್ಯಾಹ್ನ ಫ್ರೀಜರಿನ ಬಾಗಿಲು ಕಿರ್ರೆಂದಿತು. ತಾಯಿ ಮಗಳು ಬೆಕ್ಕಿನ ಹೆಜ್ಜೆಯಲ್ಲಿ ಅತ್ತೆಯ ಕೋಣೆಯ ಬಾಗಿಲಿಗೆ ಬಂದರು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಊದಿದ ಮಂಡಿಯ ಮೇಲೆ ಬಟಾಣಿ ಚೀಲ, ಅದರ ಮೇಲೆ ಟವೆಲ್ಲಿನ ಬಿಗಿಕಟ್ಟು. ಫೋನಿನಲ್ಲಿ ತಂಗಿಗೆ ವರದಿ ನಡೆದಿತ್ತು:

“ನೋವು ಹೇಳಹೆಸರಿಲ್ಲ ಕಣೇ! ಎಲ್ಲಾ ನನ್ನ ಸೊಸೆ ಕೈಗುಣ. ಒಂದೊಂದು ಕಾಳೂ ಮುತ್ತು! ನಿನ್ನ ಸೊಸೆಗೆ ಇದೆಲ್ಲಾ ಎಲ್ಲಿ ಬರುತ್ತೆ?”

“ನೋಡಮ್ಮಾ, ಮಂಡಿ!” ಎಂದು ಪುಟ್ಟಿ ಬೆರಳು ತೋರಿಸಿದಳು.

ಸೊಸೆಯ ಎದೆ ಮೊದಲು ಹೆಮ್ಮೆಯಿಂದ ಉಬ್ಬಿತು. ಮರುಕ್ಷಣವೇ ನಿನ್ನೆಯ ಅನ್ನ ನೆನಪಾಯಿತು.

“ಅತ್ತೆ, ನಿನ್ನೆ ನಾವು ಉಂಡಿದ್ದೂ… ಇದೇ ಚೀಲದ್ದಾ?”

“ಅದಕ್ಕೇ ನಂಗೆ ನಿನ್ನೆ ಹಸಿವಿರಲಿಲ್ಲಮ್ಮ.” ಅತ್ತೆ ಫೋನನ್ನು ಪಕ್ಕಕ್ಕಿಟ್ಟರು. “ಪಂದ್ಯ ನೀನೇ ಗೆದ್ದೆ, ಗೂಡು ನಿಂದೇ. ಆದ್ರೆ ನಂಗೊಂದು ಉಪಕಾರ ಮಾಡು. ಇದು ಗಡ್ಡೆ ಕಟ್ಟಿ ಒತ್ತುತ್ತೆ. ಬಿಡಿಬಿಡಿಯಾಗಿರೋದು ಇನ್ನೊಂದು ಚೀಲ ತುಂಬಿಕೊಡೇ. ಕುದಿಸೋ ಗೋಜೆಲ್ಲಾ ಬೇಡ, ಮಂಡಿಗೇನು ರುಚಿ ಗೊತ್ತಾಗುತ್ತಾ?”